ತಾತ ಹೇಳಿದ್ದನ್ನೇ ಹೇಳಲಿ ಬಿಡಿ

ಸಂಪಾದಕರೇ,

ಅಕ್ಟೋಬರ್ 1 ಹಿರಿಯರ ದಿನ ಅಲ್ವಾ, ಕಳೆದ ಸಲ ನಮ್ಮ ಮಾವನವರನ್ನು ಕರೆದುಕೊಂಡು ಒಂದು ಕಾರ್ಯಕ್ರಮಕ್ಕೆ ಹೋಗಿದ್ದೆ. ಹಿರಿಯರ ಅನುಭವ ದೊಡ್ಡದು, ಅದನ್ನು ಉಳಿಸಿಕೊಳ್ಳಬೇಕು ಅಂತ ವೇದಿಕೆ ಮೇಲಿದ್ದವರು ಎರಡು ಗಂಟೆ ಮಾತಾಡಿದರು. ಕೆಳಗೆ ಕೂತಿದ್ದ ಹಿರಿಯರಲ್ಲಿ ಒಬ್ಬರ ಕೈಗೂ ಮೈಕ್ ಹೋಗಲಿಲ್ಲ. ಶಾಲು, ಲಾಡು, ಫೋಟೋ. ಬರುವಾಗ ಬಸ್ಸಲ್ಲಿ ಮಾವ "ಚೆನ್ನಾಗಿತ್ತು" ಅಂದರು. ಅವರು ಎಲ್ಲದಕ್ಕೂ ಹಾಗೇ ಅನ್ನೋದು.

ನಾನೇನೂ ಸಾಚಾ ಅಲ್ಲ. ಅವರು ಕತೆ ಶುರು ಮಾಡಿದರೆ "ಅದನ್ನ ಹೇಳಿದ್ದೀರಲ್ಲ ಮಾವ" ಅಂತ ಎದ್ದು ಅಡುಗೆಮನೆಗೆ ಹೋಗುತ್ತಿದ್ದವಳೇ. ಅವರಿಗೆ ಎಂಬತ್ತು ದಾಟಿದೆ. ಹುಟ್ಟಿದ್ದು ಕೋಲಾರ ಜಿಲ್ಲೆಯಲ್ಲಿ, 2007ರಲ್ಲಿ ಮನೆ ಬದಲಿಸದೆಯೇ ಚಿಕ್ಕಬಳ್ಳಾಪುರ ಜಿಲ್ಲೆಯವರಾದರು. ಬದುಕೆಲ್ಲ ರೇಷ್ಮೆ. ಕತೆಯೂ ಒಂದೇ: ರೇಷ್ಮೆಹುಳುಗಳನ್ನು ಕೊಲ್ಲುವ ಊಜಿ ನೊಣ ಬಂದ ವರ್ಷ ಬೆಳೆ ಪೂರ್ತಿ ಹೋಗಿ, ಸಾಲಕ್ಕೆ ಎರಡು ಎಕರೆ ಮಾರಿದ್ದು. "ಕೈಯಾರೆ ಕಳೆದೆ" ಅಂತ ಮುಗಿಸುತ್ತಿದ್ದರು.

ಒಂದು ದಿನ ಪಿಯುಸಿ ಓದುವ ನನ್ನ ಮಗಳು ಸುಮ್ನೆ ಕೇಳಿದಳು, "ಆ ನೊಣ ನಮ್ಮನೆಗೆ ಮಾತ್ರ ಬಂತಾ ತಾತ?" ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಯಾರ್ಯಾರ ಮನೆ ಹುಳು ಹೋಯಿತು ಅಂತ ಬೆರಳು ಮಡಿಸುತ್ತಾ ಹೋದರು, ಎರಡು ಕೈ ಸಾಲಲಿಲ್ಲ. ಊಜಿ ನಮ್ಮ ರಾಜ್ಯಕ್ಕೆ ಕಾಲಿಟ್ಟಿದ್ದೇ 1980ರಲ್ಲಿ. ಹುಳದ ಮೈಮೇಲೆ ಮೊಟ್ಟೆ ಇಡುವ ಆ ನೊಣ ಊರಿಗೇ ಹೊಸದು, ಹುಳುಮನೆ ಕಿಟಕಿಗೆ ಈಗಿನ ಹಾಗೆ ನೈಲಾನ್ ಪರದೆ ಎಲ್ಲಿತ್ತು? ಇದೆಲ್ಲ ಮಾವನಿಗೆ ಗೊತ್ತಿರಲಿಲ್ಲ ಅಂತಲ್ಲ, ನಲವತ್ತು ವರ್ಷ ತಮ್ಮ ಲೆಕ್ಕಕ್ಕೆ ಅದನ್ನು ಸೇರಿಸಿಕೊಂಡಿರಲಿಲ್ಲ ಅಷ್ಟೆ. ಈಗಲೂ ಅದೇ ಕತೆ ಹೇಳುತ್ತಾರೆ, ಮುಗಿಸೋದು ಮಾತ್ರ ಬೇರೆ ಥರ: "ಜಮೀನು ಹೋಯ್ತು ಅಂತ ನಿಮ್ಮಜ್ಜಿ ಒಂದು ಮಾತು ಅನ್ನಲಿಲ್ಲ, ಮಾರನೇ ದಿನ ಬೆಳಗ್ಗೆ ಸೊಪ್ಪು ಕೊಯ್ಯೋಕೆ ಹೋದಳು." ಮಂಡಿನೋವು ಇದ್ದ ಹಾಗೇ ಇದೆ. ನಡುರಾತ್ರಿ ಎದ್ದು ಕೂರೋದು ಕಡಿಮೆಯಾಗಿದೆ.

ವಯಸ್ಸಾದವರು ಹಳೇದನ್ನು ಹೇಳಿದರೆ ಅರಳುಮರಳು ಅಂತೀವಿ. ಹಾಗಲ್ಲ, ಬದುಕನ್ನು ಹಿಂತಿರುಗಿ ನೋಡೋದು ಆ ವಯಸ್ಸಿಗೆ ಸಹಜವಾದ ಕೆಲಸ ಅಂತ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ಬರೆದಿದ್ದರು. ಬಾಲ್ಯದಿಂದ ಇಲ್ಲಿವರೆಗೆ, ಒಳ್ಳೇದು ಕೆಟ್ಟದ್ದು ಎರಡನ್ನೂ, ಕೇಳುವವರ ಮುಂದೆ ಹೇಳಿಕೊಂಡಾಗ ಹಿರಿಯರ ಖಿನ್ನತೆ ಇಳಿಯುತ್ತದೆ ಅಂತ ಆಮೇಲೆ ಹಲವು ಅಧ್ಯಯನಗಳೂ ತೋರಿಸಿವೆ. ಆದರೆ ಕೆಲವರು ಹೀಗೆ ನೋಡುತ್ತಾ ಪಶ್ಚಾತ್ತಾಪದಲ್ಲೇ ಮುಳುಗಬಹುದು ಅಂತಲೂ ಬಟ್ಲರ್ ಎಚ್ಚರಿಸಿದ್ದರು. ನಿಜವೇ. ಒಬ್ಬರೇ ಕೂತು ಒಂದೇ ಗಾಯ ಕೆರೆದುಕೊಂಡರೆ ಅದು ಮಾಯೋದಿಲ್ಲ. ಕೆಲವರಿಗೆ ಕೆಲವು ವಿಷಯ ತೆಗೆಯೋದೇ ಬೇಡವಾಗಿರುತ್ತದೆ, ಅಂಥವರನ್ನು ಕೆದಕಬಾರದು. ಊಟ ಬಿಟ್ಟು, ನಿದ್ದೆ ಬಿಟ್ಟು ಕೊರಗುವವರನ್ನು ಡಾಕ್ಟರಿಗೇ ತೋರಿಸಬೇಕು, ಕತೆ ಕೇಳಿ ಸರಿಮಾಡುತ್ತೀವಿ ಅಂತ ಹೊರಡೋದು ತಪ್ಪು.

ನನ್ನ ಕೋರಿಕೆ ಇಷ್ಟೇ. ಗ್ರಾಮ ಪಂಚಾಯಿತಿಗಳಲ್ಲಿ ಅರಿವು ಕೇಂದ್ರಗಳಿವೆ, ಅಂದರೆ ಊರಿನ ಗ್ರಂಥಾಲಯಗಳು. ವಾರಕ್ಕೊಂದು ಸಂಜೆ ಅಲ್ಲಿ ಊರಿನ ಒಬ್ಬ ಹಿರಿಯರು ಮಾತಾಡಲಿ, ಹೈಸ್ಕೂಲ್ ಮಕ್ಕಳು ಕೇಳಿ ಬರೆದುಕೊಳ್ಳಲಿ. ದುಡ್ಡು ಬೇಕಿಲ್ಲ, ಎರಡು ಬೆಂಚು ಮತ್ತು ಒಂದು ನೋಟ್‌ಬುಕ್ ಸಾಕು. ಹಾಗೆ ಬರೆದದ್ದರಲ್ಲಿ ಒಂದನ್ನು ನಿಮ್ಮ ಜಿಲ್ಲಾ ಪುಟದಲ್ಲಿ ಅಚ್ಚು ಹಾಕಿ, ಅಕ್ಷರ ಮಾತ್ರ ಸ್ವಲ್ಪ ದಪ್ಪ ಇರಲಿ, ಮಾವನ ಕನ್ನಡಕದ ನಂಬರ್ ಮತ್ತೆ ಜಾಸ್ತಿಯಾಗಿದೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು,
ಶಿಡ್ಲಘಟ್ಟ ತಾಲ್ಲೂಕು