ಕತ್ತಿನ ಆ ಸಣ್ಣ ತೂತಿನ ಕಥೆ ಮುಗಿಯಿತು, ಎಲ್ಲರಿಗೂ ಥ್ಯಾಂಕ್ಸ್

ಮಗಳ ಆಪರೇಷನ್ ಚೆನ್ನಾಗಿ ಆಯಿತು, ಹೊಲಿಗೆ ಬಿಚ್ಚಿದರು, ಪೆಥಾಲಜಿ ರಿಪೋರ್ಟೂ ಬಂತು. ಕ್ಯಾನ್ಸರ್ ಅಲ್ಲ. ವಿಚಾರಿಸುತ್ತಿದ್ದವರಿಗೆಲ್ಲ ಒಟ್ಟಿಗೇ ಇಲ್ಲಿ ಬರೆಯುತ್ತಿದ್ದೇನೆ.

ಹುಟ್ಟಿದಾಗಿನಿಂದಲೂ ಅವಳ ಕತ್ತಿನ ಬಲಗಡೆ, ಕಾಲರ್ ಬೋನ್‌ಗಿಂತ ಸ್ವಲ್ಪ ಮೇಲೆ, ಸೂಜಿ ಚುಚ್ಚಿದಷ್ಟು ಸಣ್ಣ ತೂತು ಇತ್ತು. ಅದರಿಂದ ತಿಳಿನೀರು ಜಿನುಗುತ್ತಿತ್ತು. ಕೀವಲ್ಲ, ವಾಸನೆ ಇಲ್ಲ, ನೋವೂ ಇಲ್ಲ. ಮುಲಾಮು, ಆಂಟಿಬಯೋಟಿಕ್ ಎಲ್ಲ ಆಯಿತು, ಅಂಗಿಯ ಕಾಲರ್ ಒದ್ದೆಯಾಗುವುದು ಮಾತ್ರ ನಿಲ್ಲಲಿಲ್ಲ.

ಮೊದಲ ಥ್ಯಾಂಕ್ಸ್ ನಮ್ಮತ್ತೆಗೆ. 'ಊಟಕ್ಕೆ ಕೂತಾಗಲೇ ಇದು ಜಾಸ್ತಿ ಸೋರುತ್ತೆ ನೋಡಮ್ಮಾ' ಅಂದವರು ಅವರು. ಇಎನ್‌ಟಿ ಡಾಕ್ಟರಿಗೆ ಅದನ್ನೇ ಹೇಳಿದೆ, ಅವರು ಆ ನೀರನ್ನು ಅಮೈಲೇಸ್ (ಜೊಲ್ಲಿನಲ್ಲಿರುವ ಒಂದು ಕಿಣ್ವ) ಪರೀಕ್ಷೆಗೆ ಕಳಿಸಿದರು, ಪ್ರಮಾಣ ಜಾಸ್ತಿ ಬಂತು. ಅಂದರೆ ಅದು ಜೊಲ್ಲು! ಕತ್ತಿನಿಂದ ಜೊಲ್ಲು ಬರುತ್ತೆ ಅಂದರೆ ಯಾರು ನಂಬ್ತಾರೆ?

ಡಾಕ್ಟರು ಪೇಪರ್ ಮೇಲೆ ಚಿತ್ರ ಬರೆದು ವಿವರಿಸಿದರು. ದೊಡ್ಡ ಜೊಲ್ಲುಗ್ರಂಥಿಗಳು ಮೂರು ಜೊತೆ, ಜೊತೆಗೆ ತುಟಿ, ಕೆನ್ನೆ, ಅಂಗುಳಗಳಲ್ಲಿ ನೂರಾರು ಸಣ್ಣವು. ಮಗು ಹೊಟ್ಟೆಯಲ್ಲಿ ಬೆಳೆಯುವಾಗ ಈ ಗ್ರಂಥಿಯ ಒಂದು ತುಣುಕು ಬೇರೆ ಕಡೆ ಉಳಿದುಬಿಡಬಹುದಂತೆ, ಮಗಳ ಕತ್ತಿನಲ್ಲೂ ಹಾಗೇ ಆಗಿತ್ತು. ಕಿವಿ ಹತ್ತಿರದ ದುಗ್ಧಗ್ರಂಥಿಗಳ (ಲಿಂಫ್ ನೋಡ್) ಒಳಗೆ ಇದು ಹೆಚ್ಚು ಸಿಗುತ್ತದೆ, ಅಪರೂಪಕ್ಕೆ ನಡುಗಿವಿಯಲ್ಲೂ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲೂ. ಕೆಳದವಡೆಯ ಎಲುಬಿನ ಗುಳಿಯೊಳಗೆ ಜೊಲ್ಲುಗ್ರಂಥಿಯ ಭಾಗ ಕೂತಿರುವುದೂ ಉಂಟು. ಎಕ್ಸ್‌ರೇಯಲ್ಲಿ ತೂತಿನ ಹಾಗೆ ಕಾಣುವ ಆ ಗುಳಿಯನ್ನು 1942ರಲ್ಲಿ ಸ್ಟಾಫ್ನೆ ಎಂಬವರು ವಿವರಿಸಿದ್ದರಂತೆ, ಅದಕ್ಕೆ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಡ. ನಮ್ಮದಕ್ಕೆ ಬೇಕಿತ್ತು.

ಸರ್ಜನ್‌ಗೆ ಥ್ಯಾಂಕ್ಸ್ ಹೇಳಲು ಇನ್ನೊಂದು ಕಾರಣ ಇದೆ. ಹೊರಗಿನಿಂದ ನೋಡಿದರೆ ಬ್ರಾಂಕಿಯಲ್ ಸೈನಸ್ (ಹುಟ್ಟಿನಿಂದಲೇ ಕತ್ತಿನಲ್ಲಿ ಉಳಿಯುವ ಸಣ್ಣ ಸುರಂಗದಂಥ ದಾರಿ) ಕೂಡ ಹೀಗೇ ಇರುತ್ತದೆ, ಅದಕ್ಕೇ ಅವರು ಸ್ಕ್ಯಾನ್ ಮಾಡಿಸಿ, ಒಳಗಿನ ದಾರಿ ಎಲ್ಲಿಯವರೆಗೆ ಹೋಗಿದೆ ಅಂತ ತಿಳಿದುಕೊಂಡೇ ಕೈ ಹಾಕಿದರು. ಒಂದಿಷ್ಟು ಉಳಿದರೂ ಮತ್ತೆ ಸೋರಬಹುದು ಅಂತ ದಾರಿಯನ್ನೂ ಗ್ರಂಥಿಯನ್ನೂ ಪೂರ್ತಿ ತೆಗೆದರು.

ಪೆಥಾಲಜಿಸ್ಟ್ ಯಾರೋ ನಮಗೆ ಗೊತ್ತಿಲ್ಲ, ಮುಖ ನೋಡಿಲ್ಲ. ಇಂಥ ಅಂಗಾಂಶದಲ್ಲೂ ಅಪರೂಪಕ್ಕೆ ಗೆಡ್ಡೆ ಬೆಳೆಯಬಹುದು ಅಂತ ಕೇಳಿದ ಮೇಲೆ ನನಗೆ ನಿದ್ದೆಯೇ ಬಂದಿರಲಿಲ್ಲ. ಸ್ಲೈಡ್ ನೋಡಿ 'ಸಾಮಾನ್ಯ ಜೊಲ್ಲುಗ್ರಂಥಿ, ಗೆಡ್ಡೆ ಇಲ್ಲ' ಅಂತ ಬರೆದವರು ಅವರೇ. ಸರ್ ಅಥವಾ ಮೇಡಂ, ನೀವು ಯಾರೇ ಆಗಿರಿ, ನಿಮಗೂ ದೊಡ್ಡ ನಮಸ್ಕಾರ.

ರಾತ್ರಿ ಪಾಳಿಯ ನರ್ಸ್‌ಗಳಿಗೆ, ನನ್ನ ಕೆಲಸ ಹಂಚಿಕೊಂಡ ಸಹೋದ್ಯೋಗಿಗಳಿಗೆ, ಸುಮ್ನೆ ಬಂದು ಜೊತೆಗೆ ಕೂತವರಿಗೆ ಎಲ್ಲರಿಗೂ ಥ್ಯಾಂಕ್ಸ್. ಕರೆ ಎತ್ತದೇ ಇದ್ದದ್ದಕ್ಕೆ ಬೇಜಾರು ಮಾಡ್ಕೋಬೇಡಿ, ಈ ವಾರ ನಾನೇ ಫೋನ್ ಮಾಡುತ್ತೇನೆ.