ಜ್ಯೂರಿ ಒಡೆದ ಮೇಲೆ ಎಷ್ಟು ಮರುವಿಚಾರಣೆ?

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಕ್ರಿಮಿನಲ್ ಮೊಕದ್ದಮೆಯ ಜ್ಯೂರಿ (ತೀರ್ಪು ಹೇಳುವ ಸಾಮಾನ್ಯ ನಾಗರಿಕರ ತಂಡ) ಒಡೆದು ಒಮ್ಮತಕ್ಕೆ ಬಾರದಿದ್ದರೆ ಆರೋಪಿ ಖುಲಾಸೆಯಾಗುವುದಿಲ್ಲ. ಸರ್ಕಾರಿ ವಕೀಲರು ಮತ್ತೆ ವಿಚಾರಣೆ ನಡೆಸಬಹುದು. ಅಲ್ಲಿನ ಸುಪ್ರೀಂ ಕೋರ್ಟ್ 1824ರಲ್ಲೇ ಇದಕ್ಕೆ ಒಪ್ಪಿದೆ. ಕೊಲೆ ಮೊಕದ್ದಮೆಯಲ್ಲಿ ಸತ್ತವರ ಮನೆಯವರ ಮುಖ ನೋಡಿಯಾದರೂ ಒಂದು ಮರುವಿಚಾರಣೆ ಇರಲಿ. ಆದರೆ ಎರಡನೇ ಜ್ಯೂರಿಯೂ ಒಡೆದರೆ?

ಮಿಸಿಸಿಪ್ಪಿ ರಾಜ್ಯದ ಕರ್ಟಿಸ್ ಫ್ಲವರ್ಸ್ ಎಂಬ ಕಪ್ಪುವರ್ಣೀಯರ ಪ್ರಕರಣ ನೋಡಿ. 1996ರಲ್ಲಿ ವಿನೋನಾ ಪಟ್ಟಣದ ಪೀಠೋಪಕರಣದ ಅಂಗಡಿಯಲ್ಲಿ ನಾಲ್ವರ ಕೊಲೆಯಾಯಿತು. ಡಗ್ ಇವಾನ್ಸ್ ಎಂಬ ಒಬ್ಬರೇ ಸರ್ಕಾರಿ ವಕೀಲರು ಫ್ಲವರ್ಸ್ ಅವರನ್ನು ಆರು ಸಲ ವಿಚಾರಣೆಗೆ ಗುರಿಪಡಿಸಿದರು. ಅಪರಾಧಿ ಎಂದ ಮೊದಲ ಮೂರು ತೀರ್ಪುಗಳನ್ನು ರಾಜ್ಯದ ಸುಪ್ರೀಂ ಕೋರ್ಟ್ ರದ್ದು ಮಾಡಿತು. 2007 ಮತ್ತು 2008ರಲ್ಲಿ ಜ್ಯೂರಿ ಒಡೆಯಿತು. ಅಲ್ಲಿಗೆ ಬಿಡಬೇಕಿತ್ತು, ಬಿಡಲಿಲ್ಲ. 2010ರಲ್ಲಿ ಒಬ್ಬರೇ ಕಪ್ಪುವರ್ಣೀಯರಿದ್ದ ಜ್ಯೂರಿ ಮರಣದಂಡನೆ ವಿಧಿಸಿತು. ಆರೂ ವಿಚಾರಣೆ ಸೇರಿ, ಜ್ಯೂರಿಗೆ ಬರಬಹುದಾಗಿದ್ದ 42 ಕಪ್ಪುವರ್ಣೀಯರಲ್ಲಿ 41 ಮಂದಿಯನ್ನು ಸರ್ಕಾರದ ಕಡೆಯವರು ಹೊರಗಿಟ್ಟಿದ್ದರು. 2019ರಲ್ಲಿ ದೇಶದ ಸುಪ್ರೀಂ ಕೋರ್ಟ್ ಆ ತೀರ್ಪನ್ನೂ ರದ್ದು ಮಾಡಿತು. 2020ರಲ್ಲಿ ಆರೋಪವನ್ನೇ ಕೈಬಿಡಲಾಯಿತು. ಅಷ್ಟರಲ್ಲಿ ಆ ಮನುಷ್ಯನ ಬದುಕಿನ ಎರಡು ದಶಕಕ್ಕೂ ಹೆಚ್ಚು ಕಾಲ ಜೈಲಿನಲ್ಲೇ ಕಳೆದುಹೋಗಿತ್ತು!

ಖರ್ಚು ಸರ್ಕಾರದ್ದು, ಜೈಲುವಾಸ ಆರೋಪಿಯದು. ಹಾಗಿರುವಾಗ ಮರುವಿಚಾರಣೆ ಬೇಕೋ ಬೇಡವೋ ಎಂಬ ತೀರ್ಮಾನವನ್ನು ಸರ್ಕಾರಿ ವಕೀಲರೊಬ್ಬರ ಹಟಕ್ಕೆ ಬಿಡುವುದು ಘೋರ ಅನ್ಯಾಯ. ಜ್ಯೂರಿಗಳು ಮತ್ತೆ ಮತ್ತೆ ಒಡೆದಾಗ ಮೊಕದ್ದಮೆಯನ್ನೇ ವಜಾ ಮಾಡುವ ಅಧಿಕಾರ ನ್ಯೂಜೆರ್ಸಿ, ಹವಾಯಿ ರಾಜ್ಯಗಳಲ್ಲಿ ನ್ಯಾಯಾಧೀಶರಿಗಿದೆ. ಉಳಿದ ರಾಜ್ಯಗಳೂ ಅದನ್ನು ಕಾನೂನಾಗಿ ತರಬೇಕು.

– ಓದುಗ, ಮೈಸೂರು