ಸೋರ್ ಕ್ರೀಮ್ ಮಡಿಕೇರಿಯಲ್ಲಿ ಎಲ್ಲಿ ಸಿಗುತ್ತೆ?

ಮಾನ್ಯ ಸಂಪಾದಕರೇ,

ನಿಮ್ಮ ಅಡುಗೆ ಪುಟದಲ್ಲಿ ಕೇಕಿಗೆ 'ಸೋರ್ ಕ್ರೀಮ್ 1 ಕಪ್' ಎಂದು ಬರೆದು ಸುಮ್ನೆ ಮುಂದೆ ಹೋಗಿದ್ದೀರಿ. ಮಡಿಕೇರಿಯ ಮೂರು ಅಂಗಡಿಯಲ್ಲಿ ಕೇಳಿದೆ. ಹಾಳಾದ ಕ್ರೀಮ್ ಯಾಕಮ್ಮಾ ಎಂದು ಒಬ್ಬರು ನಕ್ಕರು. ಹಾಳಾದದ್ದಲ್ಲ ಅದು, ಮೊಸರಿನ ಹಾಗೆ ಹೆಪ್ಪು ಹಾಕಿದ ಕೆನೆ. 1 ಕಪ್ ಫ್ರೆಶ್ ಕ್ರೀಮ್ ಉಗುರುಬೆಚ್ಚಗೆ ಮಾಡಿ, ಎರಡು ಚಮಚ ಮೊಸರು ಕಲಸಿ ಮುಚ್ಚಿಟ್ಟರೆ ಮನೆಯಲ್ಲೇ ಆಗುತ್ತದೆ. ಆದರೆ ಕೊಡಗಿನ ಜುಲೈ ಮಳೆಯಲ್ಲಿ ಒಂದು ರಾತ್ರಿ ಸಾಲದು, ನಾನು ಟವೆಲ್ ಸುತ್ತಿ ಒಲೆ ಪಕ್ಕದಲ್ಲೇ ಇಟ್ಟರೂ ಮರುದಿನ ಮಧ್ಯಾಹ್ನದವರೆಗೆ ಕಾಯಬೇಕಾಯಿತು, ಮುಚ್ಚಳ ತೆಗೆದರೆ ಚಮಚ ನೆಟ್ಟಗೆ ನಿಂತಿತು! ಅರ್ಧಕ್ಕೆ ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು, ತೋಟದ ಕಾಳುಮೆಣಸು ಕುಟ್ಟಿ ಹಾಕಿ, ಬಾಳೆಕಾಯಿ ಚಿಪ್ಸ್ ಅದ್ದಿಕೊಂಡು ತಿಂದೆವು. ಉಳಿದದ್ದು ಕೇಕಿಗೆ. ಅದರ ಹುಳಿ ಅಡುಗೆ ಸೋಡಾ ಜೊತೆ ಸೇರಿ ಕೇಕನ್ನು ಉಬ್ಬಿಸುತ್ತದೆ, ಜಿಡ್ಡು ಮೆತ್ತಗಿಡುತ್ತದೆ. ತೆಳ್ಳನೆ ಮೊಸರು ಸುರಿದರೆ ಆಗುವುದಿಲ್ಲ, ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಗಟ್ಟಿ ಮೊಸರಾದರೆ ಪರವಾಗಿಲ್ಲ. ಇಷ್ಟನ್ನು ನೀವೇ ಒಂದು ಸಾಲು ಬರೆದಿದ್ದರೆ ನನ್ನ ಮೊದಲ ಕೇಕು ನಾಯಿ ಪಾಲಾಗುತ್ತಿರಲಿಲ್ಲ ಅಲ್ವಾ?

- ಓದುಗಿ, ಮಡಿಕೇರಿ